ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ (ಭಾರತ)

ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯು ಬೋಧನೆಯಲ್ಲಿಯೂ ಶಾಲೆಯ ಏಳಿಗೆಯಲ್ಲಿಯೂ ವಿಶಿಷ್ಟ ಕೆಲಸ ಮಾಡಿದ ಶಿಕ್ಷಕರಿಗೆ ಹಾಗೂ ಮುಖ್ಯೋಪಾಧ್ಯಾಯರಿಗೆ ಭಾರತ ಸರ್ಕಾರವು ಪ್ರತಿವರ್ಷ ನೀಡುವ ಪುರಸ್ಕಾರ. 1958ರಲ್ಲಿ ಆರಂಭವಾದ ಈ ಪ್ರಶಸ್ತಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯವು ನಿರ್ವಹಿಸುತ್ತದೆ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಂದು ನವದೆಹಲಿಯ ವಿಜ್ಞಾನ ಭವನದಲ್ಲಿ ಸಾಮಾನ್ಯವಾಗಿ ರಾಷ್ಟ್ರಪತಿಗಳು ಇದನ್ನು ಪ್ರದಾನ ಮಾಡುತ್ತಾರೆ. ಪ್ರಶಸ್ತಿಯು ರಜತ ಪದಕ, ಪ್ರಶಸ್ತಿಪತ್ರ ಮತ್ತು 50,000 ರೂಪಾಯಿ ನಗದನ್ನು ಒಳಗೊಂಡಿದೆ.

ಕನ್ನಡದಲ್ಲಿ 'ರಾಷ್ಟ್ರಪ್ರಶಸ್ತಿ' ಎಂದಷ್ಟೇ ಹೇಳಿದರೆ ಬಹುತೇಕ ಓದುಗರಿಗೆ ಚಲನಚಿತ್ರ ಪ್ರಶಸ್ತಿಯೇ ನೆನಪಾಗುತ್ತದೆ. ಆದರೆ ಕರ್ನಾಟಕದ ಹಳ್ಳಿ ಮತ್ತು ಪಟ್ಟಣಗಳಲ್ಲಿ 'ರಾಷ್ಟ್ರಪ್ರಶಸ್ತಿ ಪುರಸ್ಕೃತ ಶಿಕ್ಷಕರು' ಎಂಬ ವಿಶೇಷಣವು ಹಲವು ದಶಕಗಳಿಂದ ಬಳಕೆಯಲ್ಲಿದೆ. ಆಮಂತ್ರಣ ಪತ್ರಿಕೆಯಲ್ಲಿ, ಮನೆಯ ಮುಂದಿನ ನಾಮಫಲಕದಲ್ಲಿ, ಕೊನೆಗೆ ನಿಧನವಾರ್ತೆಯಲ್ಲಿಯೂ ಅದು ಹೆಸರಿನೊಡನೆ ಸೇರಿಕೊಂಡೇ ಬರುತ್ತದೆ. ನಗದಿನ ಮೊತ್ತವು ಹಿರಿಯ ಶಿಕ್ಷಕರೊಬ್ಬರ ಒಂದು ತಿಂಗಳ ವೇತನಕ್ಕಿಂತ ಹೆಚ್ಚಿಲ್ಲದಿದ್ದರೂ ಪ್ರಶಸ್ತಿಗೆ ಇಷ್ಟೊಂದು ಬೆಲೆ ಬಂದಿರುವುದು ಈ ವಿಶೇಷಣದಿಂದಲೇ.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ಶಾಲೆಗಳ ಸಂಖ್ಯೆ ವೇಗವಾಗಿ ಬೆಳೆಯಿತು. ಶಿಕ್ಷಕರ ವೇತನವಾಗಲಿ ಸಾಮಾಜಿಕ ಸ್ಥಾನವಾಗಲಿ ಅದೇ ವೇಗದಲ್ಲಿ ಬೆಳೆಯಲಿಲ್ಲ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು (1952-53) ಶಿಕ್ಷಕರ ಸ್ಥಿತಿಗತಿಯನ್ನು ಸುಧಾರಿಸದೆ ಶಿಕ್ಷಣವನ್ನು ಸುಧಾರಿಸಲಾಗದೆಂದು ಮನಗಂಡಿತ್ತು. ಇಂತಹ ವಾತಾವರಣದಲ್ಲಿ, ಪ್ರಾಥಮಿಕ, ಮಾಧ್ಯಮಿಕ ಮತ್ತು ಪ್ರೌಢಶಾಲೆಗಳಲ್ಲಿ ದುಡಿಯುವವರ ಘನತೆಯನ್ನು ಹೆಚ್ಚಿಸುವ ಹಾಗೂ ಅವರ ಸೇವೆಯನ್ನು ಸಾರ್ವಜನಿಕವಾಗಿ ಗುರುತಿಸುವ ಉದ್ದೇಶದಿಂದ ಪ್ರಶಸ್ತಿ ಯೋಜನೆಯು 1958-59ರಲ್ಲಿ ಜಾರಿಗೆ ಬಂದಿತು. ಅದೇ 1958ರ ಫೆಬ್ರವರಿಯಲ್ಲಿ ಪ್ರಥಮ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಂ ಆಜಾದ್ ನಿಧನರಾದರು. ಅವರ ಬಳಿಕ ಖಾತೆಯ ಹೊಣೆ ಹೊತ್ತ ಕೆ. ಎಲ್. ಶ್ರೀಮಾಲಿಯವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಕರ್ನಾಟಕಕ್ಕೆ ಬಂದರು.

ಯೋಜನೆಯು ಶಿಕ್ಷಕರ ದಿನಾಚರಣೆಗಿಂತ ಹಳೆಯದು. ಇವೆರಡೂ ಒಟ್ಟಿಗೆ ಹುಟ್ಟಿದವೆಂಬ ತಿಳಿವಳಿಕೆ ಸಾಮಾನ್ಯವಾದರೂ ಅದು ಸರಿಯಲ್ಲ. ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾದ 1962ರಿಂದ ಅವರ ಜನ್ಮದಿನವನ್ನು ಶಿಕ್ಷಕರ ದಿನವೆಂದು ಆಚರಿಸುವ ರೂಢಿ ಬಂದಿತು. ಪ್ರಶಸ್ತಿ ಪ್ರದಾನಕ್ಕೆ ಸೆಪ್ಟೆಂಬರ್ 5 ನಿಶ್ಚಿತವಾದದ್ದು ಅರವತ್ತರ ದಶಕದ ನಡುಭಾಗದಲ್ಲಿ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದ ಪ್ರಸಂಗವನ್ನು ಶಿಕ್ಷಕರ ದಿನದ ಭಾಷಣಗಳಲ್ಲಿ ಇಂದಿಗೂ ಕೇಳಬಹುದು. ಯಾವ ಸಮಿತಿಯೂ ಅಂಕ ನೀಡದ ಸನ್ಮಾನ ಅದು.

1962ರಲ್ಲಿಯೇ ರಾಷ್ಟ್ರೀಯ ಶಿಕ್ಷಕರ ಕಲ್ಯಾಣ ಪ್ರತಿಷ್ಠಾನವೂ ಸ್ಥಾಪನೆಯಾಯಿತು. ಕಷ್ಟದಲ್ಲಿರುವ ಶಿಕ್ಷಕರಿಗೂ ಅವರ ಅವಲಂಬಿತರಿಗೂ ನೆರವು ನೀಡುವುದು ಅದರ ಉದ್ದೇಶ. ಶಿಕ್ಷಕರ ದಿನದಂದು ಪುಟ್ಟ ಧ್ವಜಗಳನ್ನು ಮಾರಿ ನಿಧಿ ಸಂಗ್ರಹಿಸುವ ಪದ್ಧತಿ ಇದರೊಡನೆ ಬೆಳೆದುಬಂದಿತು. ಹಳೆಯ ತಲೆಮಾರಿನ ವಿದ್ಯಾರ್ಥಿಗಳಿಗೆ ಈ ದಿನದ ನೆನಪೆಂದರೆ ಅಂಗಿಗೆ ಚುಚ್ಚಿಕೊಂಡ ಆ ಧ್ವಜವೇ ಹೊರತು ದೆಹಲಿಯ ಸಮಾರಂಭವಲ್ಲ.

ಹಳೆಯ ಆಯ್ಕೆಕ್ರಮ

ಸುಮಾರು ಆರು ದಶಕಗಳ ಕಾಲ ಆಯ್ಕೆಯು ಶಿಫಾರಸಿನ ಮೂಲಕ ನಡೆಯುತ್ತಿತ್ತು. ಜಿಲ್ಲಾ ಮಟ್ಟದಲ್ಲಿ ಹೆಸರುಗಳನ್ನು ಗುರುತಿಸಿ ರಾಜ್ಯಕ್ಕೂ, ರಾಜ್ಯದಿಂದ ಕೇಂದ್ರಕ್ಕೂ ಕಳುಹಿಸಲಾಗುತ್ತಿತ್ತು. ಪ್ರತಿಯೊಂದು ರಾಜ್ಯಕ್ಕೂ ಇಂತಿಷ್ಟು ಎಂಬ ಪಾಲು ನಿಗದಿಯಾಗಿದ್ದಿತು. ಶಿಕ್ಷಕರಿಗೆ ಕನಿಷ್ಠ 15 ವರ್ಷಗಳ, ಮುಖ್ಯೋಪಾಧ್ಯಾಯರಿಗೆ 20 ವರ್ಷಗಳ ಸೇವೆ ಅಗತ್ಯವೆನಿಸಿತ್ತು. ಪಾಠಶಾಲೆಗಳ ಸಂಸ್ಕೃತ ಶಿಕ್ಷಕರು, ಮದರಸಾಗಳ ಅರಬ್ಬಿ ಮತ್ತು ಪಾರಸಿ ಶಿಕ್ಷಕರು, ವಿಕಲಚೇತನ ಮಕ್ಕಳ ಸಮನ್ವಯ ಶಿಕ್ಷಣಕ್ಕೆ ದುಡಿದವರು ಕ್ರಮೇಣ ಇದರ ವ್ಯಾಪ್ತಿಗೆ ಸೇರಿದರು. ಹೀಗೆ ಬೆಳೆದ ಪ್ರಶಸ್ತಿಗಳ ಒಟ್ಟು ಸಂಖ್ಯೆ ವರ್ಷಕ್ಕೆ ಮುನ್ನೂರೈವತ್ತನ್ನು ದಾಟಿತ್ತು.

ಹಳೆಯ ಮಾರ್ಗಸೂಚಿಯಲ್ಲಿದ್ದ ಮಾನದಂಡಗಳು ಗಮನಾರ್ಹವಾಗಿವೆ. ಊರಿನ ಜನರಲ್ಲಿ ಶಿಕ್ಷಕರಿಗಿರುವ ಹೆಸರು, ಬೋಧನಾ ಸಾಮರ್ಥ್ಯ ಮತ್ತು ಅದನ್ನು ಹೆಚ್ಚಿಸಿಕೊಳ್ಳುವ ಹಂಬಲ, ಮಕ್ಕಳ ಮೇಲಿನ ನಿಜವಾದ ಪ್ರೀತಿ, ಸಮುದಾಯದ ಬದುಕಿನಲ್ಲಿ ಪಾಲ್ಗೊಳ್ಳುವಿಕೆ ಇವು ಪ್ರಮುಖವಾಗಿದ್ದವು. ಊರಿನ ಅಭಿಪ್ರಾಯಕ್ಕೆ ಮೊದಲ ಸ್ಥಾನ ನೀಡಿದ್ದು ಅಂದಿನ ಸಮಾಜಕ್ಕೆ ಸಹಜವಾಗಿತ್ತು. ಶಿಕ್ಷಕರು ಶಾಲೆಯಿರುವ ಊರಿನಲ್ಲಿಯೇ ಮನೆ ಮಾಡಿಕೊಂಡು, ಪತ್ರ ಓದಿ ಹೇಳುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಎಲ್ಲಕ್ಕೂ ಒದಗುತ್ತಿದ್ದ ಕಾಲವದು. ಆದರೆ ಪ್ರೀತಿಯನ್ನು ಅಳೆಯುವ ಕೋಲು ಯಾವ ಕಚೇರಿಯಲ್ಲಿಯೂ ಇರುವುದಿಲ್ಲ. ಅಳತೆಯಿಲ್ಲದೆಡೆಯಲ್ಲಿ ಶಿಫಾರಸು, ಸಂಘಟನೆಯ ಬಲ, ಮೇಲಧಿಕಾರಿಯ ಒಲವು ಕೆಲಸ ಮಾಡುತ್ತವೆಂಬ ದೂರು ದೇಶದ ಎಲ್ಲ ಕಡೆಗಳಿಂದಲೂ ಕೇಳಿಬರುತ್ತಿತ್ತು. ಪ್ರಶಸ್ತಿಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳ ತೂಕ ತಗ್ಗುತ್ತಿದೆಯೆಂಬ ಆಕ್ಷೇಪವೂ ಇತ್ತು.

ಪ್ರಶಸ್ತಿಯೊಡನೆ ಕೆಲವು ಸವಲತ್ತುಗಳೂ ಬರುತ್ತಿದ್ದವು. ಭಾರತೀಯ ರೈಲ್ವೆಯು ರಾಷ್ಟ್ರಪ್ರಶಸ್ತಿ ಪಡೆದ ಶಿಕ್ಷಕರಿಗೆ ದ್ವಿತೀಯ ದರ್ಜೆ ಮತ್ತು ಸ್ಲೀಪರ್ ದರ್ಜೆಯ ಪ್ರಯಾಣದಲ್ಲಿ ಅರ್ಧದರದ ರಿಯಾಯಿತಿ ನೀಡುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ವಿದ್ಯಾರ್ಥಿಗಳು, ರೋಗಿಗಳು ಮತ್ತು ಕೆಲವು ವರ್ಗದ ವಿಕಲಚೇತನರ ಹೊರತು ಉಳಿದವರ ರಿಯಾಯಿತಿಗಳನ್ನು ಹಿಂತೆಗೆದುಕೊಂಡಾಗ ಇದೂ ನಿಂತಿತು.

2018ರ ಪರಿಷ್ಕರಣೆ

2018ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು (2020ರಿಂದ ಶಿಕ್ಷಣ ಸಚಿವಾಲಯ) ಮಾರ್ಗಸೂಚಿಯನ್ನು ಬುಡಮಟ್ಟದಿಂದ ಬದಲಿಸಿತು. ಪ್ರಶಸ್ತಿಗಳ ಸಂಖ್ಯೆ ಒಮ್ಮೆಲೇ 45ಕ್ಕೆ ಇಳಿಯಿತು. ಅಂತಿಮ ಆಯ್ಕೆಯಲ್ಲಿ ರಾಜ್ಯವಾರು ಪಾಲು ರದ್ದಾಯಿತು. ಯುವ ಶಿಕ್ಷಕರಿಗೂ ಅವಕಾಶ ದೊರೆಯಲೆಂದು ಕನಿಷ್ಠ ಸೇವಾವಧಿಯ ನಿಯಮವನ್ನು ಆ ವರ್ಷ ಕೈಬಿಡಲಾಯಿತು. ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆಯೆಂದರೆ, ಇನ್ನೊಬ್ಬರು ಹೆಸರಿಸುವ ಪದ್ಧತಿಯ ಬದಲು ಶಿಕ್ಷಕರು ತಮ್ಮ ಹೆಸರನ್ನು ತಾವೇ ಅಂತರಜಾಲದ ಮೂಲಕ ಸಲ್ಲಿಸುವ ಸ್ವಯಂ ನಾಮನಿರ್ದೇಶನ ಬಂದದ್ದು. ಆ ವರ್ಷದ ಪ್ರಶಸ್ತಿಗಳನ್ನು ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಪ್ರದಾನ ಮಾಡಿದರು.

ಹೊಸ ಕ್ರಮದಲ್ಲಿ ಅರ್ಜಿದಾರರು ತಮ್ಮ ಕೆಲಸದ ವಿವರಗಳನ್ನು ದಾಖಲೆ, ಛಾಯಾಚಿತ್ರ, ಧ್ವನಿಮುದ್ರಿಕೆ, ವಿಡಿಯೊಗಳ ಸಮೇತ ಜಾಲತಾಣಕ್ಕೆ ಏರಿಸಬೇಕು. ಜಿಲ್ಲಾ ಶಿಕ್ಷಣಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯು ಅವುಗಳ ಸತ್ಯಾಸತ್ಯತೆಯನ್ನು ಪರಿಶೀಲಿಸಿ ಮೂರು ಹೆಸರುಗಳನ್ನು ರಾಜ್ಯ ಸಮಿತಿಗೆ ಕಳುಹಿಸುತ್ತದೆ. ಜಿಲ್ಲಾ ಸಮಿತಿಯಲ್ಲಿ ಜಿಲ್ಲಾಧಿಕಾರಿಗಳು ಹೆಸರಿಸಿದ ಶಿಕ್ಷಣ ತಜ್ಞರೊಬ್ಬರೂ ಇರುತ್ತಾರೆ. ಶಿಕ್ಷಣ ಇಲಾಖೆಯ ಕಾರ್ಯದರ್ಶಿಗಳ ನೇತೃತ್ವದ ರಾಜ್ಯ ಸಮಿತಿಯು ಆಯ್ದ ಕೆಲವರನ್ನು ರಾಷ್ಟ್ರೀಯ ತೀರ್ಪುಗಾರರ ಮಂಡಳಿಗೆ ಶಿಫಾರಸು ಮಾಡುತ್ತದೆ. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ ಮೊದಲಾದ ಸಂಸ್ಥೆಗಳಿಗೆ ಪ್ರತ್ಯೇಕ ಸಮಿತಿಗಳಿವೆ. ಅಂತಿಮ ಸುತ್ತಿನಲ್ಲಿ ಅಭ್ಯರ್ಥಿಗಳು ತೀರ್ಪುಗಾರರ ಮುಂದೆ ತಮ್ಮ ಕೆಲಸವನ್ನು ಸ್ವತಃ ನಿರೂಪಿಸಬೇಕು.

ಮೌಲ್ಯಮಾಪನವು 100 ಅಂಕಗಳದ್ದು. ಸಮುದಾಯ ಮತ್ತು ಪೋಷಕರೊಡನೆ ಮಾಡಿದ ಕೆಲಸ, ವಾರ್ಷಿಕ ಕಾರ್ಯನಿರ್ವಹಣಾ ವರದಿ, ಸೇವಾನಿರತ ತರಬೇತಿ ಮುಂತಾದ ವಸ್ತುನಿಷ್ಠ ಅಂಶಗಳಿಗೆ 20 ಅಂಕಗಳು. ಬೋಧನೆಯಲ್ಲಿನ ಹೊಸ ಪ್ರಯೋಗಗಳು, ಅವುಗಳ ಪರಿಣಾಮ, ಪಠ್ಯೇತರ ಚಟುವಟಿಕೆ ಇತ್ಯಾದಿ ಸಾಧನೆಗಳಿಗೆ 80 ಅಂಕಗಳು. ಮನೆಪಾಠದಲ್ಲಿ ತೊಡಗಿರುವವರು ಅನರ್ಹರು. ಶಿಕ್ಷಣಾಧಿಕಾರಿಗಳು, ತಪಾಸಣಾಧಿಕಾರಿಗಳು ಮತ್ತು ತರಬೇತಿ ಸಂಸ್ಥೆಗಳ ಸಿಬ್ಬಂದಿ ಅರ್ಜಿ ಹಾಕುವಂತಿಲ್ಲ. ಗುತ್ತಿಗೆ ಆಧಾರದ ಶಿಕ್ಷಕರಿಗೂ ಅವಕಾಶವಿಲ್ಲ.

ಕೋವಿಡ್ ಹಾವಳಿಯ 2020 ಮತ್ತು 2021ರಲ್ಲಿ ಸಮಾರಂಭವು ವಿಡಿಯೊ ಮೂಲಕ ನಡೆಯಿತು; ರಾಷ್ಟ್ರಪತಿ ರಾಮನಾಥ ಕೋವಿಂದ್ ದೆಹಲಿಯಿಂದ ಮಾತನಾಡಿದರು, ಪುರಸ್ಕೃತರು ತಮ್ಮ ತಮ್ಮ ಸ್ಥಳಗಳಲ್ಲಿದ್ದರು. 2023ರಲ್ಲಿ ಪ್ರಶಸ್ತಿಯು ಶಾಲೆಯ ಆವರಣವನ್ನು ದಾಟಿ ಉನ್ನತ ಶಿಕ್ಷಣ ಮತ್ತು ಕೌಶಲ್ಯ ತರಬೇತಿಗೂ ವಿಸ್ತರಿಸಿತು. ಆ ವರ್ಷ 50 ಶಾಲಾ ಶಿಕ್ಷಕರು, ಉನ್ನತ ಶಿಕ್ಷಣದ 13 ಮಂದಿ ಮತ್ತು ಕೌಶಲ್ಯಾಭಿವೃದ್ಧಿ ಸಚಿವಾಲಯದ ವತಿಯಿಂದ 12 ಮಂದಿ ಸೇರಿ 75 ಜನರಿಗೆ ಪ್ರಶಸ್ತಿ ಸಂದಿತು. 2024ರಲ್ಲಿ ಈ ಸಂಖ್ಯೆ 82.

ಕರ್ನಾಟಕದಲ್ಲಿ

ಹೊಸ ಪದ್ಧತಿಯಲ್ಲಿ ಕರ್ನಾಟಕದಿಂದ ಶಾಲಾ ಶಿಕ್ಷಕರ ಪಟ್ಟಿಗೆ ಸೇರುವವರು ಸಾಮಾನ್ಯವಾಗಿ ಒಬ್ಬರು ಇಲ್ಲವೇ ಇಬ್ಬರು. ಆದ್ದರಿಂದ ರಾಜ್ಯದ ಬಹುಪಾಲು ಶಿಕ್ಷಕರಿಗೆ ಪ್ರಶಸ್ತಿಯೆಂದರೆ ರಾಜ್ಯ ಸರ್ಕಾರವು ಅದೇ ಸೆಪ್ಟೆಂಬರ್ 5ರಂದು ನೀಡುವ ಉತ್ತಮ ಶಿಕ್ಷಕ ಪ್ರಶಸ್ತಿ. ಇತ್ತೀಚಿನ ವರ್ಷಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲಾ ವಿಭಾಗಗಳು ಸೇರಿ ಮೂವತ್ತರ ಆಸುಪಾಸಿನಲ್ಲಿ ಶಿಕ್ಷಕರು ಇದಕ್ಕೆ ಆಯ್ಕೆಯಾಗುತ್ತಿದ್ದಾರೆ. ಇದರ ಕೆಳಗೆ ಜಿಲ್ಲಾ ಹಾಗೂ ತಾಲ್ಲೂಕು ಮಟ್ಟದ ಪ್ರಶಸ್ತಿಗಳಿವೆ. ಶಾಲಾ ಶಿಕ್ಷಣ ಇಲಾಖೆಯ ಆಡಳಿತದಲ್ಲಿ 'ಶೈಕ್ಷಣಿಕ ಜಿಲ್ಲೆ'ಯೆಂಬುದು ಕಂದಾಯ ಜಿಲ್ಲೆಗಿಂತ ಭಿನ್ನವಾಗಿರುವುದುಂಟು. ಮಧುಗಿರಿ, ಶಿರಸಿ, ಚಿಕ್ಕೋಡಿಗಳು ಇದಕ್ಕೆ ಉದಾಹರಣೆ. ಹೀಗಾಗಿ ತುಮಕೂರು, ಉತ್ತರ ಕನ್ನಡ, ಬೆಳಗಾವಿ ಜಿಲ್ಲೆಗಳಲ್ಲಿ ಜಿಲ್ಲಾ ಪ್ರಶಸ್ತಿಯ ಪಟ್ಟಿಗಳು ಎರಡೆರಡು ಇರುತ್ತವೆ.

ತಾಲ್ಲೂಕು ಕೇಂದ್ರದ ಗುರುಭವನದಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಯುವ ಸಮಾರಂಭಗಳಿಗೆ ಒಂದು ಸ್ಥಿರವಾದ ರೂಪವಿದೆ. ರಾಧಾಕೃಷ್ಣನ್ ಅವರ ಭಾವಚಿತ್ರಕ್ಕೆ ಪುಷ್ಪಾರ್ಚನೆ, ಶಾಸಕರ ಭಾಷಣ, ಆ ವರ್ಷ ನಿವೃತ್ತರಾದವರಿಗೆ ಶಾಲು, ಹಾರ, ಫಲತಾಂಬೂಲ, ಕೆಲವೆಡೆ ಮೈಸೂರು ಪೇಟ. ಇತ್ತೀಚೆಗೆ ಸಾವಿತ್ರಿಬಾಯಿ ಫುಲೆ ಅವರ ಭಾವಚಿತ್ರವೂ ಹಲವೆಡೆ ಪಕ್ಕದಲ್ಲಿ ಸ್ಥಾನ ಪಡೆದಿದೆ. ಮೇಲ್ನೋಟಕ್ಕೆ ಇದು ವಾಡಿಕೆಯ ಕಾರ್ಯಕ್ರಮವೆನಿಸಿದರೂ, ಮೂವತ್ತು ವರ್ಷ ಒಂದೇ ಹೋಬಳಿಯಲ್ಲಿ ದುಡಿದವರಿಗೆ ಸಹೋದ್ಯೋಗಿಗಳೆಲ್ಲರ ಎದುರು ಹೆಸರು ಕರೆಸಿಕೊಳ್ಳುವ ಏಕೈಕ ಸಂದರ್ಭ ಇದೇ ಆಗಿರುತ್ತದೆ.

ಸರ್ಕಾರೇತರ ಪ್ರಶಸ್ತಿಗಳೂ ಹೇರಳವಾಗಿವೆ. ರೋಟರಿ ಕ್ಲಬ್ಬುಗಳು 'ನೇಷನ್ ಬಿಲ್ಡರ್' ಹೆಸರಿನಲ್ಲಿ ಸ್ಥಳೀಯ ಶಿಕ್ಷಕರನ್ನು ಗೌರವಿಸುತ್ತವೆ. ಇವುಗಳ ನಡುವೆ ನೋಂದಣಿ ಶುಲ್ಕವೆಂದು ಹಣ ಪಡೆದು ಫಲಕ ಹಂಚುವವರೂ ಹುಟ್ಟಿಕೊಂಡಿದ್ದಾರೆ. ಅರ್ಜಿಯೊಡನೆ ಹಣ ಕೇಳುವುದನ್ನು ಪ್ರಶಸ್ತಿ ಎನ್ನುವುದಕ್ಕಿಂತ ವ್ಯಾಪಾರ ಎನ್ನುವುದೇ ಸೂಕ್ತ.

ಚರ್ಚೆಗಳು

ಸ್ವಯಂ ನಾಮನಿರ್ದೇಶನವು ಈ ಪ್ರಶಸ್ತಿಯ ಇತಿಹಾಸದಲ್ಲಿ ಹೆಚ್ಚು ಚರ್ಚೆಗೊಳಗಾಗಬೇಕಾದ ವಿಷಯ. ಇದರ ಪರವಾದ ವಾದ ಸರಳವಾಗಿದೆ: ಮೇಲಧಿಕಾರಿಯ ಕೃಪೆಯಿಲ್ಲದೆ, ಯಾರ ಬಾಗಿಲನ್ನೂ ತಟ್ಟದೆ, ಯಾವ ಮೂಲೆಯ ಶಿಕ್ಷಕರಾದರೂ ತಮ್ಮ ಕೆಲಸವನ್ನು ನೇರವಾಗಿ ಮುಂದಿಡಬಹುದು. ಹಳೆಯ ಪದ್ಧತಿಯಲ್ಲಿ ಅಧಿಕಾರಿಗಳೊಡನೆ ಮುನಿಸು ಕಟ್ಟಿಕೊಂಡ ಒಳ್ಳೆಯ ಶಿಕ್ಷಕರಿಗೆ ಈ ದಾರಿ ಇರಲಿಲ್ಲ. ಈ ದೃಷ್ಟಿಯಿಂದ ಬದಲಾವಣೆ ಸ್ವಾಗತಾರ್ಹ.

ಇನ್ನೊಂದು ಮಗ್ಗುಲೂ ಇದೆ. ತನ್ನ ಗುಣವನ್ನು ತಾನೇ ಹೇಳಿಕೊಳ್ಳಬಾರದೆಂದು ಮಕ್ಕಳಿಗೆ ಕಲಿಸಿದವರು ತಮ್ಮ ಗುಣಗಳ ಪಟ್ಟಿಯನ್ನು ತಾವೇ ಸಿದ್ಧಪಡಿಸಿ ಸಲ್ಲಿಸಬೇಕಾಗಿದೆ. ಎಲೆಮರೆಯ ಕಾಯಿಯಂತೆ ದುಡಿದವರನ್ನು ಹುಡುಕುವುದೇ ಪ್ರಶಸ್ತಿಯ ಮೂಲ ಆಶಯವಾಗಿದ್ದರೆ, ಕಾಯಿಯೇ ಎಲೆಯಿಂದ ಹೊರಬಂದು ಕಾಣಿಸಿಕೊಳ್ಳಬೇಕೆಂಬ ನಿಯಮವು ಆ ಆಶಯಕ್ಕೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆ ಸಹಜ. ಏಕೋಪಾಧ್ಯಾಯ ಶಾಲೆಯಲ್ಲಿ ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಹೇಳುತ್ತ, ಬಿಸಿಯೂಟದ ಲೆಕ್ಕ ಬರೆಯುತ್ತ, ಜನಗಣತಿ ಮತ್ತು ಚುನಾವಣೆಯ ಕರ್ತವ್ಯಕ್ಕೂ ಹೋಗುವವರ ಬಳಿ ತಮ್ಮದೇ ಪಾಠದ ವಿಡಿಯೊ ಇರುವ ಸಾಧ್ಯತೆ ಕಡಿಮೆ. ಚಿತ್ರೀಕರಿಸಬಹುದಾದ ಕೆಲಸಕ್ಕೆ ಅಂಕ ದೊರೆಯುವುದು ಸುಲಭ: ಬಣ್ಣ ಬಳಿದ ಗೋಡೆ, ಕೈತೋಟ, ಸ್ಮಾರ್ಟ್ ಕ್ಲಾಸ್. ಓದಲು ಬಾರದ ಮಗುವೊಂದು ಎರಡು ವರ್ಷಗಳ ತಾಳ್ಮೆಯ ನಂತರ ತಡವರಿಸುತ್ತ ಓದಿದ ಮೊದಲ ವಾಕ್ಯವು ಯಾವ ಛಾಯಾಚಿತ್ರಕ್ಕೂ ಸಿಗುವುದಿಲ್ಲ. ಜಿಲ್ಲಾ ಸಮಿತಿಯು ಶಾಲೆಗೆ ಬಂದು ಮಕ್ಕಳೊಡನೆ ಕುಳಿತು ನೋಡಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಪರಿಶೀಲನೆಯು ಕಡತಕ್ಕೆ ಸೀಮಿತವಾದರೆ ನೀಗುವುದಿಲ್ಲ. ಪ್ರಶಸ್ತಿಯ ನ್ಯಾಯವು ದೆಹಲಿಯ ತೀರ್ಪುಗಾರರಿಗಿಂತ ಹೆಚ್ಚಾಗಿ ಈ ಕೆಳಹಂತದ ಭೇಟಿಯನ್ನು ಅವಲಂಬಿಸಿದೆ ಎನ್ನಬಹುದು.

ಎರಡನೆಯದು ವ್ಯಕ್ತಿಗೆ ನೀಡುವ ಪ್ರಶಸ್ತಿ ಎಂಬುದರಿಂದಲೇ ಬರುವ ಮಿತಿ. ಕರ್ನಾಟಕದ ಪ್ರಾಥಮಿಕ ಶಿಕ್ಷಣದಲ್ಲಿ ಕಳೆದ ಮೂರು ದಶಕಗಳಲ್ಲಿ ನಡೆದ ಮಹತ್ತ್ವದ ಪ್ರಯೋಗವೆಂದರೆ 'ನಲಿ-ಕಲಿ'. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಬಹುವರ್ಗ ಬೋಧನೆಯನ್ನು ಕಂಡು ಬಂದು, ಕಲಿಕೆಯ ಮೆಟ್ಟಿಲು, ಕಾರ್ಡುಗಳು, ಹಾಡು ಮತ್ತು ಗುಂಪು ಚಟುವಟಿಕೆಗಳನ್ನು ತಾವೇ ಕೂತು ರೂಪಿಸಿದರು. ಯುನಿಸೆಫ್ ಇದಕ್ಕೆ ನೆರವಾಯಿತು. 2009-10ರ ವೇಳೆಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ವ್ಯಾಪಿಸಿತು. ಈ ಕೆಲಸಕ್ಕೆ ಒಬ್ಬರನ್ನು ಕರ್ತೃವೆಂದು ಹೆಸರಿಸುವುದು ಅಸಾಧ್ಯ. ಒಬ್ಬರನ್ನೇ ವೇದಿಕೆಗೆ ಕರೆಯುವ ವ್ಯವಸ್ಥೆಯಲ್ಲಿ ಇಂತಹ ಸಾಮೂಹಿಕ ಸಾಧನೆಗೆ ಅಂಕಣವೇ ಇಲ್ಲ.

ಪ್ರಶಸ್ತಿಯ ವ್ಯಾಪ್ತಿಯಿಂದ ಹೊರಗುಳಿದವರ ಸಂಖ್ಯೆಯೂ ಚಿಕ್ಕದಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಭಾರವನ್ನು ಹೊರುತ್ತಿರುವವರು ವರ್ಷ ವರ್ಷವೂ ಹೊಸದಾಗಿ ನೇಮಕಗೊಳ್ಳುವ ಅತಿಥಿ ಶಿಕ್ಷಕರು. ಕಾಯಂ ನೌಕರರಲ್ಲವೆಂಬ ಕಾರಣದಿಂದ ಅವರು ರಾಷ್ಟ್ರೀಯ ಪ್ರಶಸ್ತಿಗೆ ಅರ್ಹರಲ್ಲ. ಒಂದೇ ಶಾಲೆಯಲ್ಲಿ ಹತ್ತು ವರ್ಷ ಗಣಿತ ಕಲಿಸಿದವರಾದರೂ ಇಷ್ಟೇ. ಪಾಠದ ಗುಣಕ್ಕೂ ನೇಮಕಾತಿ ಆದೇಶದ ಸ್ವರೂಪಕ್ಕೂ ಸಂಬಂಧ ಕಲ್ಪಿಸಿರುವ ಈ ನಿಯಮಕ್ಕೆ ಆಡಳಿತಾತ್ಮಕ ಕಾರಣವಿರಬಹುದು; ಶೈಕ್ಷಣಿಕ ಕಾರಣ ಕಾಣುವುದಿಲ್ಲ.

ಬೋಧಕೇತರ ಸಿಬ್ಬಂದಿಯ ಸ್ಥಿತಿಯೂ ಇದೇ. ಕರ್ನಾಟಕದಲ್ಲಿ 'ಅಕ್ಷರ ದಾಸೋಹ' ಎಂಬ ಹೆಸರಿನ ಮಧ್ಯಾಹ್ನದ ಬಿಸಿಯೂಟವು 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೂ ಹಬ್ಬಿತು. ಅದನ್ನು ನಡೆಸುತ್ತಿರುವ ಮುಖ್ಯ ಅಡುಗೆಯವರು ಮತ್ತು ಸಹಾಯಕ ಅಡುಗೆಯವರು ಬಹುಪಾಲು ಅದೇ ಊರಿನ ಮಹಿಳೆಯರು. ಅವರಿಗೆ ದೊರೆಯುವುದಕ್ಕೆ ವೇತನವೆಂಬ ಹೆಸರಿಲ್ಲ, 'ಗೌರವಧನ' ಎನ್ನುತ್ತಾರೆ. ಗೌರವದ ಪಟ್ಟಿಯಲ್ಲಿ ಮಾತ್ರ ಅವರಿಗೆ ಸ್ಥಾನವಿಲ್ಲ. ಗುಮಾಸ್ತರು, ಜವಾನರು, ಪ್ರಯೋಗಾಲಯ ಸಹಾಯಕರ ವಿಷಯದಲ್ಲಿಯೂ ರಾಷ್ಟ್ರೀಯ ಪ್ರಶಸ್ತಿಯ ಮಾರ್ಗಸೂಚಿ ಮೌನವಾಗಿದೆ. 2016ರಲ್ಲಿ ಆರಂಭವಾದ ಸ್ವಚ್ಛ ವಿದ್ಯಾಲಯ ಪುರಸ್ಕಾರದಂತಹ, ಇಡೀ ಶಾಲೆಗೆ ಸಲ್ಲುವ ಗೌರವಗಳಲ್ಲಿ ಇವರೆಲ್ಲರ ದುಡಿಮೆಯೂ ಪರೋಕ್ಷವಾಗಿ ಸೇರಿರುತ್ತದೆ ಎಂಬುದಷ್ಟೇ ಸಮಾಧಾನ.

ಅಂತರರಾಷ್ಟ್ರೀಯ ಸಂದರ್ಭ

ಶಿಕ್ಷಕರ ಸ್ಥಾನಮಾನದ ಬಗೆಗೆ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಜಂಟಿ ಶಿಫಾರಸು 1966ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನಲ್ಲಿ ಅಂಗೀಕಾರವಾಯಿತು. ಅದರ ಸ್ಮರಣಾರ್ಥ 1994ರಿಂದ ಅಕ್ಟೋಬರ್ 5ನ್ನು ವಿಶ್ವ ಶಿಕ್ಷಕರ ದಿನವಾಗಿ ಆಚರಿಸಲಾಗುತ್ತಿದೆ. ಭಾರತದ ಶಿಕ್ಷಕರ ದಿನವು ವ್ಯಕ್ತಿಯೊಬ್ಬರ ಜನ್ಮದಿನಕ್ಕೆ ಸಂಬಂಧಿಸಿದ್ದರೆ, ವಿಶ್ವ ಶಿಕ್ಷಕರ ದಿನವು ವೇತನ, ಸೇವಾ ಭದ್ರತೆ, ವೃತ್ತಿ ಸ್ವಾತಂತ್ರ್ಯಗಳನ್ನು ಕುರಿತ ಒಂದು ದಾಖಲೆಗೆ ಸಂಬಂಧಿಸಿದ್ದು.

ವರ್ಕಿ ಪ್ರತಿಷ್ಠಾನವು 2015ರಿಂದ ನೀಡುತ್ತಿರುವ ಜಾಗತಿಕ ಶಿಕ್ಷಕ ಪ್ರಶಸ್ತಿಯ ಮೊತ್ತ ಹತ್ತು ಲಕ್ಷ ಅಮೆರಿಕನ್ ಡಾಲರ್. 2020ರಲ್ಲಿ ಇದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಗ್ರಾಮದ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಶಿಕ್ಷಕರಾದ ರಣಜಿತ್‌ಸಿಂಹ ಡಿಸಳೆ ಅವರಿಗೆ ಸಂದಿತು. ಕನ್ನಡ ಓದುಗರಿಗೆ ಈ ಪ್ರಸಂಗದಲ್ಲಿ ವಿಶೇಷ ಆಸಕ್ತಿಯಿದೆ. 2009ರಲ್ಲಿ ಅವರು ಆ ಶಾಲೆಗೆ ಬಂದಾಗ ಅದು ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಇದ್ದ ಶಿಥಿಲ ಕಟ್ಟಡವಾಗಿತ್ತು. ಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕದ ಭಾಷೆ ಬೇರೆ. ಡಿಸಳೆಯವರು ಕನ್ನಡ ಕಲಿತರು. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪಠ್ಯಪುಸ್ತಕಗಳನ್ನು ಮಕ್ಕಳಿಗೆ ಅರ್ಥವಾಗುವಂತೆ ಮರುರೂಪಿಸಿ, ಪದ್ಯ, ಪಾಠ ಮತ್ತು ವಿಡಿಯೊಗಳಿಗೆ ಕೊಂಡೊಯ್ಯುವ ಕ್ಯೂಆರ್ ಸಂಕೇತಗಳನ್ನು ಅವುಗಳಲ್ಲಿ ಅಳವಡಿಸಿದರು. ಈ ವಿಧಾನವನ್ನು ಮುಂದೆ ಮಹಾರಾಷ್ಟ್ರ ಸರ್ಕಾರವು ತನ್ನ ಪಠ್ಯಪುಸ್ತಕಗಳಿಗೆ ಅನ್ವಯಿಸಿತು. ಪ್ರಶಸ್ತಿ ಘೋಷಣೆಯಾದಾಗ ಡಿಸಳೆಯವರು ಮೊತ್ತದ ಅರ್ಧಭಾಗವನ್ನು ಅಂತಿಮ ಸುತ್ತಿನಲ್ಲಿ ತಮ್ಮೊಡನಿದ್ದ ಇತರ ಒಂಬತ್ತು ಮಂದಿ ಶಿಕ್ಷಕರಿಗೆ ಸಮವಾಗಿ ಹಂಚುವುದಾಗಿ ಪ್ರಕಟಿಸಿದರು.